ಒಂದು ಭಾಷಣಕ್ಕೆ ಮೂರು ರಟ್ಟಿನ ಪೆಟ್ಟಿಗೆ

ಅಮೆರಿಕದ ಚುನಾವಣೆಯಲ್ಲಿ ನನಗೆ ಮತವಿಲ್ಲ. ಆ ದೇಶವನ್ನು ನೋಡಿದವನೂ ಅಲ್ಲ. ಆದರೂ ಆ ವರ್ಷ ಅಲ್ಲಿನ ಒಬ್ಬ ಅಧ್ಯಕ್ಷೀಯ ಅಭ್ಯರ್ಥಿಯ ಮಾತಿಗೆ ನಾನು ಕಾದಷ್ಟು ಅವನ ಪಕ್ಷದವರೂ ಕಾದಿರಲಾರರು. ಬೆಳಿಗ್ಗೆ ಐದೂವರೆಗೆ ಕುವೈತಿನ ಫರ್ವಾನಿಯಾದಲ್ಲಿ ನಮ್ಮ ಕಟ್ಟಡದ ಕೆಳಗೆ ಕಂಪನಿ ಬಸ್ಸು ಬರುತ್ತದೆ. ಕೆಲಸದ ಜಾಗ ಶುಐಬಾ ಮುಟ್ಟಲು ಮುಕ್ಕಾಲು ಗಂಟೆ ಬೇಕು. ಉಳಿದವರೆಲ್ಲ ಕಿಟಕಿಗೆ ತಲೆ ಆನಿಸಿ ಅರ್ಧಕ್ಕೆ ನಿಂತ ನಿದ್ದೆಯನ್ನು ಮುಂದುವರಿಸುತ್ತಿದ್ದರೆ, ನಾನು ಫೋನು ತೆಗೆದು, ನಾವು ಮಲಗಿದ್ದ ಹೊತ್ತಿನಲ್ಲಿ ಅವನು ಏನು ಹೇಳಿಬಿಟ್ಟ ಎಂದು ನೋಡುತ್ತಿದ್ದೆ.

ಎಪ್ರಿಲ್‌ನಲ್ಲಿ ಅವನು ಗಲ್ಫಿನಲ್ಲಿರುವ ತನ್ನ ಸೈನಿಕರನ್ನೆಲ್ಲ ಮನೆಗೆ ಕರೆಸುತ್ತೇನೆ, ಅವರವರ ಎಣ್ಣೆಯನ್ನು ಅವರವರೇ ಕಾಯ್ದುಕೊಳ್ಳಲಿ ಎಂದ. ಜೂನ್‌ನಲ್ಲಿ ಮಾಜಿ ಸೈನಿಕರ ಸಭೆಯೊಂದರಲ್ಲಿ ಗಲ್ಫಿಗೆ ಇನ್ನಷ್ಟು ಯುದ್ಧನೌಕೆ ಕಳಿಸುತ್ತೇನೆ ಎಂದ. ಆಮೇಲೆ ನಮ್ಮ ಸಮುದ್ರದ ಆಚೆ ದಡದ ದೇಶದೊಂದಿಗೆ ಕೂತು ಮಾತಾಡುತ್ತೇನೆ ಎಂದ. ಆಗಸ್ಟ್‌ನಲ್ಲಿ ಅದೇ ದೇಶವನ್ನು ನೆಲಸಮ ಮಾಡುವ ಮಾತು. ಪತ್ರಕರ್ತರು ಹಳೆಯದನ್ನು ನೆನಪಿಸಿದರೆ, ಹಾಗೆ ತಾನು ಹೇಳಿಯೇ ಇಲ್ಲ, ಮೊದಲಿನಿಂದಲೂ ತನ್ನ ನಿಲುವು ಇದೇ ಎಂದು ನಗುತ್ತಿದ್ದ. ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಉರಿಯಲು ನನ್ನ ಕೆಲಸವೂ ಒಂದು ಕಾರಣ. ನಾನು ಶುಐಬಾದ ಒಂದು ಗುತ್ತಿಗೆ ಕಂಪನಿಯಲ್ಲಿ ನಕ್ಷೆಗಳನ್ನೂ ಕಾಗದಪತ್ರಗಳನ್ನೂ ನೋಡಿಕೊಳ್ಳುವವನು. ಒಂದು ಪೈಪಿನ ನಕ್ಷೆ ಬದಲಾದರೆ ಅದಕ್ಕೆ ಹೊಸ ರಿವಿಷನ್ ನಂಬರ್ ಕೊಡಬೇಕು. ಬದಲಾದ ಜಾಗದ ಸುತ್ತ ಮೋಡದಂತೆ ಗೆರೆ ಎಳೆದಿರಬೇಕು. ಹಳೆಯ ಪ್ರತಿಯನ್ನು ಸೈಟಿನಿಂದ ವಾಪಸು ತರಿಸಿ, ರದ್ದು ಎಂದು ಮೊಹರು ಹೊಡೆಯಬೇಕು. ಯಾರಾದರೂ ಹಳೆಯ ನಕ್ಷೆ ಹಿಡಿದು ಬೆಸುಗೆ ಹಾಕಿದರೆ ತಪ್ಪು ಬೆಸುಗೆ ಹಾಕಿದವನದಲ್ಲ, ನನ್ನದು. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ, ಇಡೀ ದೇಶಗಳ ಹಣೆಬರಹವನ್ನು ನಂಬರೂ ಇಲ್ಲದೆ ಮೊಹರೂ ಇಲ್ಲದೆ ತಿದ್ದುವವನನ್ನು ಕಂಡರೆ ಹೇಗಾಗಬೇಕು? ಮನಸ್ಸು ಬದಲಿಸುವುದರ ಬಗ್ಗೆ ನನ್ನ ತಕರಾರಿರಲಿಲ್ಲ. ಬದಲಿಸಿದ್ದೇನೆ ಎಂದು ಒಂದು ಮಾತು ಹೇಳಬೇಕಲ್ಲ.

ಇದನ್ನೆಲ್ಲ ನಾನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುತ್ತಿದ್ದೆ. ಅವರು ಕಾರ್ಕಳ ಕಡೆಯವರು, ನಮ್ಮ ಸ್ಟೋರ್ಸಿನಲ್ಲಿ ಕೆಲಸ. ಒಂದು ದಿನ ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಎಂತ ಮಾರಾಯ್ರೆ, ನಿಮಗೆ ಅಲ್ಲಿ ಓಟುಂಟಾ?"

"ಇಲ್ಲ."

"ಮತ್ತೆ? ಅವ ಅಲ್ಲಿಯವರಿಗೆ ಹೇಳುದು. ನೀವು ಇಲ್ಲಿ ಕೂತು ತಲೆ ಯಾಕೆ ಬಿಸಿ ಮಾಡುದು?"

"ಹೇಳುದು ಅಲ್ಲಿಯವರಿಗೆ. ಬೀಳುದು ಎಲ್ಲಿಗೆ?" ಎಂದೆ.

ಅವರು ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡರು. ಅವರ ಹೆಂಡತಿ ಮಕ್ಕಳು ಊರಲ್ಲೇ ಇರುವುದು. ನನ್ನ ಹೆಂಡತಿ, ಮಗಳು ಇಬ್ಬರೂ ಇಲ್ಲಿದ್ದರು.

ಹೆಂಡತಿ ಸರಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್. ಮಗಳು ಆ ವರ್ಷ ಹನ್ನೆರಡನೆಯ ತರಗತಿ. ಹೆಂಡತಿಯ ಮನೆಮಾತು ಕೊಂಕಣಿ, ನನ್ನದು ತುಳು, ಜಗಳವಾಡುವುದು ಕನ್ನಡದಲ್ಲಿ. ಮಗಳಿಗೆ ಮೂರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಫಾರ್ಮಸಿ ಓದಬೇಕೆಂದು ಮನಸ್ಸು. ಅದಕ್ಕೆ ಆ ಪರೀಕ್ಷೆಯ ಅಂಕ ಬೇಕು. ಮನೆಯಲ್ಲಿ ಟಿವಿಯ ಸದ್ದು ಕೂಡ ಅವಳ ವೇಳಾಪಟ್ಟಿ ನೋಡಿ ಏಳುತ್ತಿತ್ತು, ಇಳಿಯುತ್ತಿತ್ತು.

ನನ್ನ ಹೆದರಿಕೆ ಸುಮ್ಮನೆ ಬಂದದ್ದಲ್ಲ. ತೊಂಬತ್ತರ ಯುದ್ಧದ ಹೊತ್ತಿಗೆ ನನ್ನ ಸೋದರಮಾವ ಇಲ್ಲಿದ್ದರು. ಜೋರ್ಡಾನ್ ದಾರಿ ಹಿಡಿದು ಹೇಗೋ ಊರು ಮುಟ್ಟಿದಾಗ ಅವರ ಬಳಿ ಇದ್ದದ್ದು ಪಾಸ್‌ಪೋರ್ಟ್, ಒಂದು ಟವೆಲು. ಹದಿನೈದು ವರ್ಷ ಕೂಡಿಸಿದ್ದೆಲ್ಲ ಫ್ಲ್ಯಾಟಿನಲ್ಲೇ ಉಳಿಯಿತು. ನಾನು ಕುವೈತಿಗೆ ಹೊರಟಾಗ ಅವರು ಕೊಟ್ಟ ಬುದ್ಧಿಮಾತು ಒಂದೇ. ಗಾಳಿ ಸರಿ ಇಲ್ಲ ಅನಿಸಿದ ದಿನ ಸಾಮಾನು ಮೊದಲು ಕಳಿಸು, ಮನುಷ್ಯರು ಆಮೇಲೆ ಬರಿಗೈಯಲ್ಲಾದರೂ ಬರಬಹುದು ಎಂದಿದ್ದರು. ಗಲ್ಫಿನಲ್ಲಿ ಎಲ್ಲವನ್ನೂ ಕಳಕೊಂಡವರ ಮನೆಯಲ್ಲಿ ಬೆಳೆದವನಿಗೆ ಆ ಮಾತು ಬೇಗ ಬಿಟ್ಟು ಹೋಗುವುದಿಲ್ಲ.

ಸೆಪ್ಟೆಂಬರ್‌ನ ಒಂದು ಭಾನುವಾರ, ವಾರದ ಮೊದಲ ಕೆಲಸದ ದಿನ, ಬಸ್ಸು ಎಗೈಲಾ ದಾಟುತ್ತಿತ್ತು. ಮಾಲ್‌ಗಳ ಹೊರಗಿನ ದೀಪ ಇನ್ನೂ ಆರಿರಲಿಲ್ಲ. ಫೋನಿನಲ್ಲಿ ಅವನು, ಅಧಿಕಾರಕ್ಕೆ ಬಂದ ಮೊದಲ ವಾರದಲ್ಲೇ ಆಚೆ ದಡದವರ ಮೇಲೆ ಮುಗಿಬೀಳುತ್ತೇನೆ ಎನ್ನುತ್ತಿದ್ದ. ಸುತ್ತಲಿನ ಪುಟ್ಟ ದೇಶಗಳಿಗೆ ಏಟು ಬಿದ್ದರೆ ಎಂದು ಯಾರೋ ಕೇಳಿದರು. ಅದು ಅವರ ಸಮಸ್ಯೆ ಎಂದ. ಸಭೆ ಚಪ್ಪಾಳೆ ತಟ್ಟಿತು. ಆ ಪುಟ್ಟ ದೇಶದ ರಸ್ತೆಯಲ್ಲಿ, ನಲವತ್ತು ಮಂದಿ ಮಲಗಿದ್ದ ಬಸ್ಸಿನಲ್ಲಿ, ಎಚ್ಚರವಿದ್ದವರು ನಾನು ಮತ್ತು ಡ್ರೈವರ್ ಇಬ್ಬರೇ.

ಆಫೀಸು ಮುಟ್ಟಿದ ಕೂಡಲೇ, ಹಡಗಿನಲ್ಲಿ ಊರಿಗೆ ಸಾಮಾನು ಕಳಿಸುವ ಕಾರ್ಗೋದವರಿಗೆ ಫೋನು ಮಾಡಿದೆ. ಮರುದಿನ ರಜೆ ಹಾಕಿದೆ. ಹೆಂಡತಿಗೆ ಬೆಳಗಿನ ಡ್ಯೂಟಿ, ಮಗಳು ಶಾಲೆಗೆ ಹೋಗಿದ್ದಳು. ಮೂರು ದೊಡ್ಡ ರಟ್ಟಿನ ಪೆಟ್ಟಿಗೆ ತುಂಬಿಸಿದೆ. ಮದುವೆಯ ಆಲ್ಬಮ್, ಬೆಳ್ಳಿಯ ದೀಪ, ಕಂಬಳಿಗಳು, ಹೊಸ ಮಿಕ್ಸಿ, ಸ್ಟೀಲ್ ಪಾತ್ರೆ. ಮೂರನೆಯದರಲ್ಲಿ ಜಾಗ ಉಳಿಯಿತು. ಪೆಟ್ಟಿಗೆಯಲ್ಲಿ ಜಾಗ ಉಳಿಸಿ ಊರಿಗೆ ಕಳಿಸುವ ಗಲ್ಫಿನವನು ಇನ್ನೂ ಹುಟ್ಟಿಲ್ಲ. ಮಗಳ ಶೆಲ್ಫಿನ ಕೆಳಗಿನ ಸಾಲಿನಲ್ಲಿ ಕಂದು ಕಾಗದದ ಬೈಂಡು ಹಾಕಿದ ಪುಸ್ತಕಗಳಿದ್ದವು. ಹನ್ನೊಂದನೆಯ ತರಗತಿಯ ಹಳೆಯವು ಎಂದುಕೊಂಡು ಎಲ್ಲವನ್ನೂ ತುರುಕಿದೆ. ಕಾರ್ಗೋದ ಮಲಯಾಳಿ ಟೇಪು ಸುತ್ತಿ, ಹಗ್ಗ ಬಿಗಿದು, ಒಳಗೇನಿದೆ ಭಾಯಿ ಎಂದು ಹಿಂದಿಯಲ್ಲಿ ಕೇಳಿದ. ದಿನವೂ ನೂರು ಕಾಗದಕ್ಕೆ ಪಟ್ಟಿ ಬರೆಯುವ ನಾನು ಅವನ ಚೀಟಿಯಲ್ಲಿ 'ಮನೆ ಸಾಮಾನು' ಎಂದಷ್ಟೇ ಬರೆದು ಸಹಿ ಹಾಕಿದೆ.

ಹೆಂಡತಿ ಬಂದು ಅಡುಗೆಮನೆಯಲ್ಲಿ ನಿಂತಳು.

"ಮಿಕ್ಸಿ ಎಲ್ಲಿ?"

"ಊರಿಗೆ ಕಳಿಸಿದೆ."

"ಮಿಕ್ಸಿಯನ್ನಾ?"

ನಾನು ಎಲ್ಲ ವಿವರಿಸಿದೆ. ಡಿಸೆಂಬರಿನಲ್ಲಿ ಅವಳು ಎರಡು ತಿಂಗಳು ರಜೆ ಹಾಕಿ ಮಗಳನ್ನು ಕರೆದುಕೊಂಡು ಮಂಗಳೂರಿಗೆ ಹೋಗಬೇಕು, ಮಗಳು ಅಲ್ಲೇ ಓದಿಕೊಂಡು ಪರೀಕ್ಷೆಗೆ ಮಾತ್ರ ಬಂದರಾಯಿತು ಎಂದೆ. ಎಲ್ಲ ನಿರ್ಧಾರವಾಗಿದೆ ಎಂದೂ ಸೇರಿಸಿದೆ.

"ಯಾರು ನಿರ್ಧಾರ ಮಾಡಿದ್ದು?"

"ನಿನ್ನೆ ಅವ ಏನು ಹೇಳಿದ ಗೊತ್ತುಂಟಾ ನಿಂಗೆ?"

"ಅವ ನಮ್ಮ ಮನೆಯ ಯಜಮಾನನಾ ಮಾರಾಯ್ರೆ? ನಂಗೆ ಡ್ಯೂಟಿ ಉಂಟು, ಅವಳಿಗೆ ಲ್ಯಾಬ್ ಉಂಟು. ನಮ್ಮನ್ನು ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಆ ದಿನ ಮನೆಯಲ್ಲಿ ಚಟ್ನಿ ಇರಲಿಲ್ಲ.

ಗುರುವಾರದ ಹೊತ್ತಿಗೆ ಅವನು ಮತ್ತೆ ತಿರುಗಿದ್ದ. ತಾನು ಶಾಂತಿಯ ಮನುಷ್ಯ, ತನ್ನ ಕಾಲದಲ್ಲಿ ಒಂದು ಗುಂಡೂ ಹಾರುವುದಿಲ್ಲ ಎಂದಿದ್ದ. ನಂಬಬಾರದೆಂದು ಗೊತ್ತಿದ್ದೂ ನಂಬಿದೆ. ನಾಲ್ಕು ದಿನದಿಂದ ನಿಲ್ಲದೆ ಅಲ್ಲಾಡುತ್ತಿದ್ದ ನನ್ನ ಕಾಲು ಅಂದು ನಿಂತಿತು. ಸಂಜೆ ಊಟಕ್ಕೆ ಕೂತಾಗ, ಇಲ್ಲೇ ಇರುವಾ, ಗಡಿಬಿಡಿ ಬೇಡ ಎಂದೆ.

"ಮೊನ್ನೆ ಹೋಗ್ಲೇಬೇಕು ಅಂದ್ರಿ," ಎಂದಳು ಹೆಂಡತಿ.

"ಹೋಗ್ಲೇಬೇಕು ಅಂತ ನಾನೆಲ್ಲಿ ಹೇಳಿದ್ದು? ಯೋಚನೆ ಮಾಡುವಾ ಅಂದದ್ದು."

ಮಗಳು ತಟ್ಟೆಯಿಂದ ತಲೆ ಎತ್ತಿದಳು. ಪಪ್ಪನನ್ನೇ ಚುನಾವಣೆಗೆ ನಿಲ್ಲಿಸಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ನಾವೂ ನಕ್ಕೆವು. ನನಗೆ ಒಳಗೆ ಸ್ವಲ್ಪ ಚುಚ್ಚಿತು, ಅಷ್ಟೆ. ಆಗ ಇನ್ನೂ ಯಾರೂ ಶೆಲ್ಫ್ ನೋಡಿರಲಿಲ್ಲ.

ಹತ್ತು ದಿನ ಕಳೆದು, ಟರ್ಮ್ ಪರೀಕ್ಷೆ ಮುಗಿದ ಮೇಲೆ, ಅವಳು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ಹುಡುಕತೊಡಗಿದಳು. ಎಪ್ರಿಲ್‌ನಿಂದ ಲ್ಯಾಬಿನಲ್ಲಿ ಮಾಡಿದ ಪ್ರತಿಯೊಂದು ಪ್ರಯೋಗ, ಚಿತ್ರ, ಲೆಕ್ಕ, ಗ್ರಾಫು, ಪ್ರತಿ ಪುಟದ ಕೆಳಗೆ ಟೀಚರ ಸಹಿ ಇರುವ ಪುಸ್ತಕಗಳವು. ಮೂರು ವಾರದೊಳಗೆ ಪೂರ್ತಿ ಮಾಡಿ ಒಪ್ಪಿಸಬೇಕಿತ್ತು. ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಅವಳು ಕೆಳಗಿನ ಸಾಲು ಖಾಲಿ ಇರುವುದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಕಾರ್ಗೋ ಆಫೀಸಿಗೆ ಓಡಿದೆ. ಅದೇ ಮಲಯಾಳಿ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದ. "ಖಲಾಸ್ ಭಾಯಿ. ಕಂಟೇನರ್ ಗಯಾ." ಹಡಗಿನ ಸಾಮಾನು ಊರು ಮುಟ್ಟಲು ಒಂದೂವರೆ ತಿಂಗಳು ಬೇಕು. ಅಲ್ಲಿಂದ ವಿಮಾನದಲ್ಲಿ ಬರುವ ಯಾರ ಕೈಯಲ್ಲಾದರೂ ತರಿಸಬಹುದಿತ್ತು, ಅಷ್ಟು ಹೊತ್ತಿಗೆ ಗಡುವು ಮುಗಿದು ಯಾವ ಕಾಲವಾಗಿರುತ್ತಿತ್ತು. ನಾನು ಕೌಂಟರಿನ ಮುಂದೆ ಕಾಲು ಸುಟ್ಟ ಬೆಕ್ಕಿನಂತೆ ಸುಮ್ಮನೆ ಅತ್ತಿತ್ತ ತಿರುಗಿದೆ. ಅವನಿಗೆ ಕನಿಕರವಾಗಿ ಚಹಾ ತರಿಸಿದ. ಕುಡಿಯಲಾಗಲಿಲ್ಲ.

ಶಾಲೆಗೆ ಹೋಗಿ ಟೀಚರ ಮುಂದೆ ಕೂತೆ. ರೆಕಾರ್ಡ್ ಹೇಗೆ ಕಳೆಯಿತು ಎಂದು ಅವರು ಕೇಳಿದಾಗ, ಅಮೆರಿಕದ ಅಭ್ಯರ್ಥಿಯ ಭಾಷಣ ಕೇಳಿ ಹಡಗಿಗೆ ಹಾಕಿದೆ ಎಂದು ಹೇಗೆ ಹೇಳಲಿ? ಮನೆ ಬದಲಿಸುವಾಗ ಕಳೆಯಿತು ಎಂದೆ. ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳು ನೆಲ ನೋಡಿದಳು. ಟೀಚರು ಒಳ್ಳೆಯವರು. ಸಹಪಾಠಿಗಳ ಅಳತೆಗಳನ್ನು ನಕಲು ಮಾಡಲು ಬಿಡುವುದಿಲ್ಲ, ಪ್ರಯೋಗಗಳನ್ನು ಶಾಲೆ ಬಿಟ್ಟ ಮೇಲೆ ಮತ್ತೊಮ್ಮೆ ಮಾಡಿ ಹೊಸದಾಗಿ ಬರೆದರೆ ಸಹಿ ಹಾಕುತ್ತೇನೆ ಎಂದರು.

ಮೂರು ವಾರ ಅವಳು ಸಂಜೆ ಐದಕ್ಕೆ ಮನೆಗೆ ಬಂದು, ಮುಖ ತೊಳೆದು, ಊಟದ ಮೇಜಿನ ಮುಂದೆ ಬರೆಯಲು ಕೂರುತ್ತಿದ್ದಳು. ಅವಳು ಅಳಲಿಲ್ಲ, ಬೈಯಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಂಚಿನ ಗೆರೆ ಎಳೆದುಕೊಡಲಾ ಎಂದು ಕೇಳಿದೆ. ಬೇಡ ಎಂದಳು. ಪೆನ್ಸಿಲ್ ಚೂಪು ಮಾಡಿ ಇಟ್ಟೆ. ಅವನ್ನು ಬಿಟ್ಟು ಬೇರೆಯದನ್ನು ತೆಗೆದುಕೊಂಡಳು.

ಒಂದು ಸಂಜೆ ನಾನು ಹಾಲಿನಲ್ಲಿ ಆ ಮನುಷ್ಯನನ್ನು ಬೈಯುತ್ತಿದ್ದೆ. ಅಂದು ಬೆಳಿಗ್ಗೆ ಅವನು ಇನ್ನೊಂದು ಸಲ ಮಾತು ಮಗುಚಿದ್ದ. ಹೆಂಡತಿ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಿದ್ದಳು.

"ಅವನದ್ದು ಬಿಡಿ," ಎಂದಳು, ಸ್ವರ ಏರಿಸದೆ. "ಅವ ಎಂತ ಮಾಡಿದ್ರೂ ಓಟಿಗೋಸ್ಕರ ಮಾಡ್ತಾನೆ. ನೀವು ಎಂತಕ್ಕೆ ಮಾಡಿದ್ದು? ಹೆದರಿಕೆ ಆಗಿತ್ತು ಅಂತ ಹೇಳಿದ್ರೆ ನಾವು ಕೇಳ್ತಿರ್ಲಿಲ್ವಾ? ಟೀಚರ ಹತ್ರ ಸಹ ಸುಳ್ಳು ಹೇಳಿ ಬಂದ್ರಿ. ಹುಡುಗಿಯ ಎದುರು."

ಅದು ನಿಜ. ನನಗೆ ಹೆದರಿಕೆಯಾಗಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ವಿದೇಶಾಂಗ ನೀತಿ ಎಂದು ಕರೆದು ಊಟದ ಮೇಜಿನ ಮೇಲೆ ಇಟ್ಟಿದ್ದೆ.

ಗಡುವಿನ ಹಿಂದಿನ ದಿನ ಎರಡೂ ಪುಸ್ತಕ ಪೂರ್ತಿಯಾಯಿತು. ಎಲ್ಲ ಪುಟಕ್ಕೂ ಸಹಿ ಬಿತ್ತು. ಟೀಚರು ನೋಡಿ ವಾಪಸು ಕೊಟ್ಟರು, ಜನವರಿಯಲ್ಲಿ ಪರೀಕ್ಷೆಯ ದಿನ ತರಬೇಕೆಂದರು. ಅದೇ ವಾರ ಅಮೆರಿಕದಲ್ಲಿ ಪ್ರಚಾರದ ಕೊನೆಯ ದಿನಗಳು. ಅವನು ಮತ್ತೆ ಸೆಪ್ಟೆಂಬರಿನ ಮಾತಿಗೇ ಮರಳಿದ್ದ, ಈ ಸಲ ಇನ್ನೂ ಜೋರಾಗಿ. ಬಸ್ಸಿನಲ್ಲಿ ಅದನ್ನು ನೋಡುವಾಗ ಕಾಲು ಅಲ್ಲಾಡತೊಡಗಿತು. ಕಾರ್ಕಳದವರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, "ಸಾಕು, ಫೋನು ಒಳಗೆ ಇಡಿ," ಎಂದರು.

ಮನೆಗೆ ಬಂದು ಇಬ್ಬರನ್ನೂ ಕೂರಿಸಿದೆ. ನನಗೆ ಈಗಲೂ ಹೆದರಿಕೆ ಇದೆ ಎಂದೆ. ಮೊದಲ ಬಾರಿಗೆ ಆ ಶಬ್ದ ಬಳಸಿದೆ. ಆದರೂ ಗೆಲ್ಲುವವರು ಯಾರೇ ಆಗಲಿ, ಪರೀಕ್ಷೆ ಮುಗಿಯುವವರೆಗೆ ನಾವು ಮೂವರೂ ಇಲ್ಲೇ, ಆಮೇಲಿನದನ್ನು ಮೂವರೂ ಸೇರಿ ಮಾತಾಡುವಾ ಎಂದೆ. ಹೆಂಡತಿ ತಲೆಯಾಡಿಸಿದಳು. ಮಗಳು ಓಕೆ ಎಂದು ಎದ್ದು ಹೋದಳು. ನನಗೆ ಬಹಳ ದಿನಗಳ ಮೇಲೆ ನೆಮ್ಮದಿಯ ನಿದ್ದೆ ಬಂತು.

ಶನಿವಾರ ನನಗೆ ರಜೆ. ಅವಳು ಟ್ಯೂಷನ್ನಿಗೆ ಹೊರಟಿದ್ದಳು. ಅಂದು ಇದ್ದದ್ದು ಗಣಿತ ಮಾತ್ರ, ಆದರೆ ಬೆನ್ನಿನ ಚೀಲ ಅವಳನ್ನು ಹಿಂದಕ್ಕೆ ಜಗ್ಗುವಷ್ಟು ಭಾರವಿತ್ತು. ಹೊಲಿಗೆ ಬಿಟ್ಟುಹೋಗುವಷ್ಟು ತುಂಬಿತ್ತು. ಎರಡು ರೆಕಾರ್ಡಿನ ಅಂಚು ಮೇಲೆ ಕಾಣುತ್ತಿತ್ತು, ಅವುಗಳ ಹಿಂದೆ ನೋಟ್ಸುಗಳೂ ಇದ್ದವು. ನಾಲ್ಕು ತಿಂಗಳ ಮೇಲೆ ಬೇಕಾಗುವ ಪುಸ್ತಕಗಳೂ ಇದ್ದವು. ಇಷ್ಟೆಲ್ಲ ಯಾಕೆ ಹೊರುತ್ತೀ, ಮನೆಯಲ್ಲೇ ಇಟ್ಟು ಹೋಗು ಎಂದೆ.

ಅವಳು ಶೂ ಹಾಕಿಕೊಳ್ಳುತ್ತಾ ಬಗ್ಗಿದ್ದವಳು ಹಾಗೆಯೇ ಉತ್ತರ ಕೊಟ್ಟಳು. ಸಿಟ್ಟಿರಲಿಲ್ಲ, ನನಗೆ ಸರಿಯಾಗಿ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದಳು.

"ಮನೆಯಲ್ಲಿ ನೀವು ಇದ್ದೀರಲ್ಲ, ಪಪ್ಪ."