ಟವೆಲ್ ಕೆಳಗೆ ಕುದುರಿದ ದೊಡ್ಡ ಗಾಡಿ

ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಹೆಲ್ಮೆಟ್ ಇತ್ತು. ಕಂಡಕ್ಟರ್ ಅದನ್ನೂ ನನ್ನನ್ನೂ ನೋಡಿ, "ಯಾಕ್ರೀ ಅಕ್ಕಾರ, ನಮ್ಮ ಡ್ರೈವರ್ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನು?" ಎಂದ. ಬಸ್ಸೆಲ್ಲ ನಕ್ಕಿತು. "ಹೋಗೂದು ನಿಮ್ಮ ಬಸ್ಸಿನಾಗ, ಬರೂದು ನನ್ನ ಗಾಡಿ ಮ್ಯಾಲ," ಎಂದೆ. ನನಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್, ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ ಪೂರ್ತಿ ಚಾರ್ಜು. ಅವರು ಮನೆಯಿಂದಲೇ ಮುಖ ಗಂಟು ಹಾಕಿಕೊಂಡು ಬಂದಿದ್ದರು. ಅದು ಟಿಕೆಟ್ಟಿನ ದುಡ್ಡಿಗಲ್ಲ.

ಹೆಣ್ಣುಮಕ್ಕಳಿಗೆ ಸ್ಕೂಟಿ ಕಲಿಸುವುದು ನನ್ನ ಕಸುಬು. ತುರ್ವಿಹಾಳ, ಸಾಲಗುಂದ ಕಡೆಯಿಂದ ಬರುವ ಟೀಚರಮ್ಮಂದಿರಿಗೆ, ನರ್ಸಮ್ಮಂದಿರಿಗೆ "ಬ್ರೇಕ್ ಹಿಡೀರಿ, ಬ್ರೇಕ್!" ಎಂದು ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ವರ್ಷಗಟ್ಟಲೆ ಒಂದೇ ಮೈದಾನದಲ್ಲಿ ಸುತ್ತು ಹಾಕಿ ಸಾಕಾಗಿತ್ತು. ಒಬ್ಬಳೇ ಧನುಷ್ಕೋಡಿ ತನಕ ಹೋಗಬೇಕು, ರಸ್ತೆ ಮುಗಿದು ಕಡಲು ಶುರುವಾಗುವಲ್ಲಿ ಗಾಡಿ ನಿಲ್ಲಿಸಿ ಇಳಿಯಬೇಕು. ಇದು ನನ್ನ ಹಟ.

ಅದಕ್ಕೆ ದೂರದಾರಿಗೆಂದೇ ಮಾಡಿದ ದೊಡ್ಡ ಗಾಡಿ ಬೇಕು. ಹೊಸದು ನನ್ನ ಕೈಗೆ ಎಟುಕುವ ಮಾತಲ್ಲ. ಹಳೆಯದರಲ್ಲಿ ಲಾಭವೂ ಇದೆ: ಎರಡೂ ಬದಿಯ ಪೆಟ್ಟಿಗೆ, ಗಾಳಿ ತಡೆಯುವ ಗಾಜು, ಬಿದ್ದರೆ ಇಂಜಿನ್ ಕಾಯುವ ಕಬ್ಬಿಣದ ಗಾರ್ಡು, ಎಲ್ಲವನ್ನೂ ಮೊದಲಿನವರೇ ಹಾಕಿಸಿರುತ್ತಾರೆ. ಇಂಜಿನ್ನೂ ಹದಕ್ಕೆ ಬಂದಿರುತ್ತದೆ. ಆರುನೂರೈವತ್ತು ಸಿ.ಸಿ.ಯ ಅಂಥದ್ದೊಂದು ಲಿಂಗಸುಗೂರಿನಲ್ಲಿ ಮಾರಾಟಕ್ಕಿದೆ ಎಂದು ಗೊತ್ತಾದಾಗಿನಿಂದ ನನಗೆ ನಿದ್ದೆಯಿಲ್ಲ. ನಮ್ಮವರಿಗೂ ಇಲ್ಲ, ಕಾರಣ ಮಾತ್ರ ಬೇರೆ. "ಎಲ್ಡ್ನೂರು ಕೆಜಿ ಮ್ಯಾಲ ಐತಿ ಅದು. ಬಿದ್ದರ ಯಾರು ಎತ್ತಬೇಕು?" ಎಂದು ಅವರದು ಒಂದೇ ಪಾಠ. "ನಾನ ಎತ್ತತೀನಿ," ಎಂದು ನನ್ನದು.

ದಾರಿ ಐವತ್ತು ಚಿಲ್ಲರೆ ಕಿಲೋಮೀಟರ್. ಸಿಂಧನೂರು ಬಿಟ್ಟ ಮೇಲೂ ಸ್ವಲ್ಪ ದೂರ ಕಾಲುವೆ ನೀರು, ಹೊಸದಾಗಿ ನಾಟಿ ಮಾಡಿದ ಗದ್ದೆ. ಮಸ್ಕಿ ಹತ್ತಿರವಾದಂತೆ ಹಸಿರು ತೆಳ್ಳಗಾಗಿ ಕಲ್ಲುಗುಡ್ಡಗಳು ಬಂದವು. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ನಮ್ಮವರು ಅದೇ ಗಂಟು ಮುಖದಲ್ಲಿ ಎರಡು ಪ್ಲೇಟು ಮುಗಿಸಿದರು. ಊಟದ ಮೇಲೆ ಸಿಟ್ಟು ತೀರಿಸುವ ಮನುಷ್ಯ ಅವರಲ್ಲ.

ಲಿಂಗಸುಗೂರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಗಾಡಿ ಮಾರುವವರು ಖಾಜಾಸಾಬರು. ಅಜ್ಜನ ಕಾಲದಿಂದ ಎತ್ತಿನ ವ್ಯಾಪಾರದ ಮನೆತನ. ಇದೇ ಗಾಡಿಯ ಮೇಲೆ ಅಜ್ಮೇರಿಗೆ ಹೋಗಿ ಬಂದವರು, ಈಗ ಮೊಣಕಾಲು ಕೈಕೊಟ್ಟಿದೆ. ತಗಡಿನ ಚಪ್ಪರದ ಕೆಳಗೆ ಒಂದು ಜೋಡಿ ಎತ್ತು, ಅದರ ಪಕ್ಕದಲ್ಲಿ ಕಡುನೀಲಿ ಗಾಡಿ. ನಾನು ಮೊದಲು ಇಂಜಿನ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಗಿರಾಕಿ ಬರುವ ಮೊದಲೇ ಬಿಸಿ ಮಾಡಿಟ್ಟರೆ ಹಳೇ ಇಂಜಿನ್ನಿನ ಕೆಮ್ಮು ಗೊತ್ತಾಗುವುದಿಲ್ಲ. ಇವರು ಆ ಆಟ ಆಡಿರಲಿಲ್ಲ. ಗುಂಡಿ ಒತ್ತಿದೆ, ಒಂದೇ ಸಲಕ್ಕೆ ಎದ್ದಿತು. ಚೈನು, ಟೈರು, ಮುಂದಿನ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದೆ. ಸೀಟಿನ ಮೇಲೆ ಕೂತರೆ ನನ್ನ ಕಾಲಿನ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಇರಲಿ, ಈ ಗಾಡಿ ನನ್ನದೇ ಎಂದು ಅಲ್ಲೇ ನಿರ್ಧಾರ ಮಾಡಿದೆ.

"ರೇಟ್ ಹೇಳ್ರಿ ಚಾಚಾ," ಎಂದೆ.

"ನಮ್ಮ ಮನ್ಯಾಗ ರೇಟ್ ಬಾಯಿಲೆ ಹೇಳಂಗಿಲ್ರಿ ಅಕ್ಕಾರ. ಎತ್ತಿರಲಿ, ಗಾಡಿ ಇರಲಿ, ಟವಲ್ ಕೆಳಗ."

ದನದ ಸಂತೆ ನೋಡಿದವರಿಗೆ ಇದು ಗೊತ್ತು. ಕೊಡುವವರು, ಕೊಳ್ಳುವವರು ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಆಡುತ್ತಾರೆ. ಸುತ್ತ ನಿಂತವರಿಗೆ ಒಂದಕ್ಷರ ತಿಳಿಯುವುದಿಲ್ಲ. ಖಾಜಾಸಾಬರು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಡೆ ನೋಡಿ, ಸಂಕೋಚಪಟ್ಟು ನಮ್ಮವರ ಕಡೆ ತಿರುಗಿದರು. ಪರಹೆಣ್ಣಿನ ಕೈ ಹಿಡಿಯುವುದು ಹೇಗೆ? ನಾನು ನಮ್ಮವರ ಕಿವಿಯಲ್ಲಿ ನನ್ನ ಬೆಲೆ ಉಸುರಿ, "ಹೋಗ್ರಿ," ಎಂದೆ.

ಇಬ್ಬರ ಕೈ ಟವೆಲ್ ಒಳಗೆ ಹೋದವು. ಖಾಜಾಸಾಬರು ಚೇಳು ಕಡಿದವರ ಹಾಗೆ ಕೈ ಎಳೆದುಕೊಂಡರು. "ಏನ್ರೀ, ಮಸ್ಕಿರಿ ಮಾಡಾಕ ಬಂದೀರೇನು? ಇಷ್ಟಕ್ಕ ಹೋರಿಗರಾನೂ ಬರಂಗಿಲ್ಲ!" ಇನ್ನೊಮ್ಮೆ ಹಿಡಿದರು. ಮತ್ತೆ ಅದೇ. ಟವೆಲ್ ಅನ್ನು ನಮ್ಮವರ ಕೈಯಲ್ಲೇ ಬಿಟ್ಟು, "ಬ್ಯಾಡ ಬಿಡ್ರಿ ಅಕ್ಕಾರ. ನಿಮ್ಮ ಯಜಮಾನ್ರಿಗೆ ತೊಗೊಳ್ಳೂ ಮನಸಿಲ್ಲ," ಎಂದರು.

ನಾನು ಯಜಮಾನರ ಮುಖ ನೋಡಿದೆ. ಅವರು ಎತ್ತು ನೋಡುತ್ತಿದ್ದರು.

"ನಾ ಹೇಳಿದ ರೇಟ್ ಹಿಡಿದಿರೋ ಇಲ್ಲೋ?"

"ಇಲ್ಲ."

"ಯಾಕ?"

"ನೀ ಎಲ್ಲೋ ದಾರ್ಯಾಗ ಇದರ ಕೆಳಗ ಬಿದ್ದಿರ್ತಿ, ನಾ ಸಿಂಧನೂರಾಗ ನಮ್ಮ ಗೊಬ್ಬರದ ಅಂಗಡ್ಯಾಗ ಕುಂತು ಏನ್ ಮಾಡ್ಲಿ? ನನಗ ಅಂಜಿಕಿ ಬರ್ತೈತಿ. ಆತೇನು?"

ಮೈಯೆಲ್ಲ ಉರಿದುಹೋಗಿತ್ತು, ಈ ಮಾತಿಗೆ ಅರ್ಧ ಸಿಟ್ಟು ಇಳಿಯಿತು. ಹಟ ಇಳಿಯಲಿಲ್ಲ. ಅವರ ಕೈಯಿಂದ ಟವೆಲ್ ಕಸಿದು, ನನ್ನ ಮುಂಗೈ ಮೇಲೆ ಹಾಸಿಕೊಂಡು ಕೈ ಚಾಚಿದೆ. "ಚಾಚಾ, ಕೈ ಕೊಡ್ರಿ."

ಖಾಜಾಸಾಬರು ನಮ್ಮವರನ್ನು ನೋಡಿದರು, ಬಾಗಿಲಲ್ಲಿ ನಿಂತ ತಮ್ಮ ಹೆಂಡತಿಯನ್ನು ನೋಡಿದರು. ಆ ತಾಯಿಯೇ ದಾರಿ ಮಾಡಿಕೊಟ್ಟಳು: "ಕೊಡ್ರೀ, ಬೇಟಿ ಇದ್ದಂಗ ಅದಾಳ. ನಿಮ್ಮ ಕೈಯೇನ್ ಕಚ್ಚಂಗಿಲ್ಲ!"

ಖಾಜಾಸಾಬರು ಒರಟು ಕೈ ಒಳಗಿಟ್ಟರು. ನಾನು ಒತ್ತಿದೆ. ಅವರು ಏರಿಸಿದರು. ನಾನು ಮೊದಲಿನದನ್ನೇ ಒತ್ತಿದೆ. ಅವರು ಸ್ವಲ್ಪ ಇಳಿದರು. ನಾನು ಮತ್ತೆ ಅದನ್ನೇ. "ಯಾ ಅಲ್ಲಾ, ಏನ್ ಜಿದ್ದಿ ಅದೀ ತಂಗೀ!" ಎಂದು ನಕ್ಕು ಒಂದು ಬೆರಳು ಬಿಟ್ಟುಕೊಟ್ಟರು. ನಾನು ಒಂದು ಬೆರಳು ಮುಂದೆ ಹೋದೆ. ವ್ಯಾಪಾರ ಕುದುರಿತು. ಎಷ್ಟಕ್ಕೆ ಎಂದು ಓದುಗರು ಕೇಳಬಾರದು. ಟವೆಲ್ ಕೆಳಗಿನದನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ.

ಕಾಗದಪತ್ರ ಮುಗಿಸಿ, ಚಹಾ ಕುಡಿದು ಎದ್ದೆವು. ಹೆಲ್ಮೆಟ್ ಒಂದೇ ಇದ್ದದ್ದರಿಂದ ನಮ್ಮವರು ಬಸ್ಸಿಗೆ ಹೋದರು. ನಾನು ಪೆಟ್ರೋಲ್ ತುಂಬಿಸಿ ಹೊರಟೆ. ಊರು ದಾಟಿ ಮೇಲಿನ ಗೇರಿಗೆ ಹಾಕಿದಾಗ ಗೊತ್ತಾಯಿತು ನೋಡಿ, ಜನ ಈ ಗಾಡಿಗಳಿಗೆ ಯಾಕೆ ಮನಸೋಲುತ್ತಾರೆ ಎಂದು. ನಿಂತಾಗ ಬಂಡೆಯಷ್ಟು ಭಾರ; ಓಡುವಾಗ ಭಾರವೇ ಇಲ್ಲ. ಎದುರಿನ ಲಾರಿ ಗಾಳಿಗೆ ಅಲುಗಲಿಲ್ಲ. ಹೆಲ್ಮೆಟ್ಟಿನೊಳಗೆ ಒಬ್ಬಳೇ ಜೋರಾಗಿ ನಕ್ಕೆ.

ಮಸ್ಕಿಯಲ್ಲಿ ಅವರ ಬಸ್ಸು ನಿಂತಿತ್ತು. ನೋಡಲಿ ಎಂಬ ಹಮ್ಮಿನಲ್ಲಿ ಪಕ್ಕಕ್ಕೆ ತಂದು, ಕಿಟಕಿಯಲ್ಲಿ ಅವರನ್ನು ಹುಡುಕುತ್ತ ಕಾಲು ಇಳಿಸಿದೆ. ಡಾಂಬರು ಅಲ್ಲಿಗೇ ಮುಗಿದು ಅಂಚು ತಗ್ಗಾಗಿತ್ತು. ತುದಿಬೆರಳಿಗೆ ನೆಲ ಸಿಗಲಿಲ್ಲ. ಗಾಡಿ ನಿಧಾನವಾಗಿ ಬಲಕ್ಕೆ ವಾಲಿ ಧಡ್ ಎಂದು ಮಲಗಿತು. ನಾನು ಹಾರಿ ಆಚೆ ನಿಂತೆ.

"ಅಯ್ಯಯ್ಯೋ, ಸರೀರಿ ಅಕ್ಕಾರ, ನಾವು ಎತ್ತತೀವಿ!" ಎಂದು ಚಹಾದಂಗಡಿಯವರೆಲ್ಲ ಓಡಿ ಬಂದು ಹ್ಯಾಂಡಲಿಗೆ ಕೈ ಹಾಕಿದರು. ಬಸ್ಸಿನಿಂದ ನಮ್ಮವರು ಜಿಗಿದದ್ದು ಕಾಣಿಸಿತು. ಮುಗೀತು ಕಥೆ, ಟಂಟಂ ಆಟೋ ಕರೆಸಿ ಗಾಡಿಯನ್ನು ವಾಪಸ್ ಕಳಿಸುತ್ತಾರೆ ಎಂದುಕೊಂಡೆ.

"ಏ, ಕೈ ತಗೀರಿ! ಯಾರೂ ಮುಟ್ಟಬ್ಯಾಡ್ರಿ!" ಎಂದು ಅವರು ಕೂಗಿದರು.

"ಹೆಣ್ಮಗಳು ಅದಾರ್ರೀ…" ಎಂದ ಒಬ್ಬ.

"ಗೊತ್ತೈತಿ, ನನ್ನ ಹೆಂಡ್ತಿ. ಆಕಿ ಎತ್ತತಾಳ." ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಎತ್ತು. ನಾ ನೋಡಬೇಕು," ಎಂದರು.

ಇಂಜಿನ್ ಬಂದ್ ಮಾಡಿ, ಗೇರ್ ಹಾಕಿ, ಸ್ಟ್ಯಾಂಡ್ ಬಿಡಿಸಿಟ್ಟೆ. ಗಾಡಿಗೆ ಬೆನ್ನು ಕೊಟ್ಟು ಸೀಟಿಗೆ ಸೊಂಟ ಆನಿಸಿದೆ. ಒಂದು ಕೈಗೆ ಹ್ಯಾಂಡಲ್, ಇನ್ನೊಂದಕ್ಕೆ ಹಿಂದಿನ ಹಿಡಿಕೆ. ತೋಳಿನ ಬಲವಲ್ಲ, ತೊಡೆಯ ಬಲ. ಮೊದಲ ಸಲ ಕಾಲು ಜಾರಿತು. ಜನ ಲೊಚಗುಟ್ಟಿದರು, ನಮ್ಮವರು ಇದ್ದಲ್ಲಿಂದ ಅಲುಗಲಿಲ್ಲ. ಹಿಮ್ಮಡಿ ಊರಿ, ಹಲ್ಲು ಕಚ್ಚಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ದಬ್ಬಿದೆ. ಬಂತು, ಬಂತು, ಸ್ಟ್ಯಾಂಡಿನ ಮೇಲೆ ನಿಂತೇ ಬಿಟ್ಟಿತು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

"ಪೆಟ್ಟಾಗಿಲ್ಲಲ್ಲ?" ಎಂದಷ್ಟೇ ಕೇಳಿದರು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಅವರು ಓಡಿ ಬಸ್ಸು ಹತ್ತಿದರು.

ಮಸ್ಕಿ ದಾಟಿ ನೆಟ್ಟಗಿನ ದಾರಿ ಸಿಕ್ಕಾಗ ಹಾರ್ನ್ ಹೊಡೆದು ಬಸ್ಸನ್ನು ಹಿಂದೆ ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಕಿಟಕಿಯಿಂದ ನಮ್ಮವರ ಕೈ ಹೊರಗೆ ಬಂದಿತ್ತು. ನಿಧಾನ, ನಿಧಾನ ಎಂದು ಗಾಳಿಯನ್ನು ಕೆಳಕ್ಕೆ ಒತ್ತುತ್ತಿತ್ತು. ಬಸ್ಸು ಸಣ್ಣದಾಗುವವರೆಗೂ ಆ ಕೈ ಒಳಗೆ ಹೋಗಲಿಲ್ಲ. ನಾನೂ ನಿಧಾನ ಮಾಡಲಿಲ್ಲ.