ಬಲಗಿವಿ ಅವಳಿಗೆ, ಎಡಗಿವಿ ನನಗೆ

ಹೊಲಿಗೆಯಕ್ಕನ ಬಲಗಿವಿಯಿಂದ ಒಂದು ಬಿಳಿ ವೈರು ಇಳಿದು, ಕೊರಳಿನ ಅಳತೆ ಟೇಪಿನ ಜೊತೆ ಸಿಕ್ಕು ಹಾಕಿಕೊಂಡು, ಮಿಷನ್ನಿನ ಮೇಲಿದ್ದ ಮೊಬೈಲಿಗೆ ಹೋಗಿ ಸೇರುತ್ತಿತ್ತು. ಎಡಗಿವಿಯನ್ನು ನನಗೆ ಬಿಟ್ಟಿದ್ದಳು. ಕೊಟ್ಟೂರಿನ ಅವಳ ಅಂಗಡಿಯಲ್ಲಿ ಪಕ್ಕದ ಚಾಪೆಯ ಮೇಲೆ ಕೂತು, ಹನ್ನೊಂದು ವರ್ಷದಿಂದ ಸೀರೆಗೆ ಫಾಲು, ರವಿಕೆಗೆ ಹುಕ್ಕು ಹಚ್ಚುತ್ತಿದ್ದವಳು ನಾನು. ಮೊದಲೆಲ್ಲ ಆ ಎರಡೂ ಕಿವಿ ನನ್ನವೇ ಆಗಿದ್ದವು.

ಆಮೇಲೆ ಆ ಸಿನಿಮಾ ನಟಿ ಬಂದು ವಕ್ಕರಿಸಿದಳು. ತನ್ನ ಬಾಳಿನ ಕಥೆಯನ್ನು ಪುಸ್ತಕ ಮಾಡಿ, ತಾನೇ ಓದಿ, ಮೊಬೈಲಿನಲ್ಲಿ ಕೇಳುವಂತೆ ಬಿಟ್ಟಿದ್ದಳಂತೆ. ಅಕ್ಕನ ಮಗಳು ಅದನ್ನು ಹಾಕಿಕೊಟ್ಟು ಹೋದಳು. ಅದು ಮುಗಿದರೆ ಯಾರೋ ಆಟಗಾರನದು, ಇನ್ಯಾರೋ ಹಾಡುಗಾರ್ತಿಯದು; ತಿರುಗಿ ನಟಿಯದೇ. ಕಥೆ ಕೇಳುವಾಗ ಹೂಂಗುಟ್ಟುವುದು ಅಕ್ಕನ ರೂಢಿ. ನಾನು ಹರಪನಹಳ್ಳಿ ಬಸ್ಸಿನಲ್ಲಿ ನಡೆದ ಜಗಳವನ್ನು ರಂಗೇರಿಸಿ ಹೇಳಿ ಮುಗಿಸಿ, ಬೇರೆ ಮಾತಿಗೆ ಹೋದ ಮೇಲೆ ಅವಳ 'ಹೂಂ' ಬರುತ್ತಿತ್ತು. ಅದು ನನಗೆ ಅಂದದ್ದಲ್ಲ ಎಂದು ತಿಳಿದು ಮೈಯೆಲ್ಲ ಉರಿಯುತ್ತಿತ್ತು.

"ಬ್ಯಾರೆ ಯಾರಿಗರ ಓದಾಕ ಹಚ್ಚಿದ್ರ ಧ್ವನಿ ಇನ್ನೂ ಚಲೋ ಇರ್ತಿತ್ತು" ಎಂದು ಒಮ್ಮೆ ಚುಚ್ಚಿದೆ.

"ನಮ್ ಕಥಿ ಬ್ಯಾರೆಯವ್ರು ಹೇಳಿದ್ರ ಚಾಡಿ ಆಕ್ಕತಿ. ನಾವ ಹೇಳಿದ್ರ ಬಾಳ್ವಿ ಆಕ್ಕತಿ" ಎಂದಳು, ಸೂಜಿಗೆ ದಾರ ಪೋಣಿಸುತ್ತ.

ಒಂದು ಮಧ್ಯಾಹ್ನ ನಟಿ ತನ್ನ ತಾಯಿ ತೀರಿಹೋದದ್ದನ್ನು ಓದುತ್ತ ಬಿಕ್ಕಿದಳಂತೆ. ಅಕ್ಕ ಹೊಲಿಯುವುದನ್ನು ನಿಲ್ಲಿಸಿ ಹಿಂದಿನ ಅಡುಗೆಮನೆಗೆ ಹೋದಳು. ಅರ್ಧ ತಾಸಿನ ಮೇಲೆ ರೊಟ್ಟಿ, ಝುಣಕ ಅರಿವೆಯಲ್ಲಿ ಕಟ್ಟಿಕೊಂಡು ಬಂದಳು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇಕಾದವರು ಬುತ್ತಿ ಒಯ್ಯುತ್ತಾರೆ. ಯಾರು ಹೋದರೆಂದು ಗಾಬರಿಯಿಂದ ಕೇಳಿದೆ.

"ಪಾಪ, ಆಕಿ ಅವ್ವ ಹೋಗ್ಯಾಳ..." ಎಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಯ್ಯುವುದೆಲ್ಲಿಗೆ? ಆ ತಾಯಿ ಸತ್ತು ಎಷ್ಟು ವರ್ಷವಾಗಿತ್ತೋ! ನಾಚಿ ನಕ್ಕು, ಗಂಟನ್ನು ನನ್ನ ಮುಂದಿಟ್ಟಳು. "ತಗೋ, ನೀನ ಉಣ್ಣು."

ನನಗೆ ನಗು ಬರಲಿಲ್ಲ. "ಆಕಿಗೆ ಕಟ್ಟಿದ್ದು ನನಗ್ಯಾಕ? ಇಷ್ಟು ವರ್ಷ ಇಲ್ಲೇ ಕುಂತೇನಿ. ನನ್ನ ಕಥಿ ಒಂದಿನರ ಹಿಂಗ ಕೇಳೀದೇನು?"

ಅಕ್ಕ ಕಿವಿಯ ವೈರು ಕಿತ್ತು, ಮೊಬೈಲು ಬೋರಲು ಹಾಕಿದಳು. "ಊರ ಮಂದಿ ಸುದ್ದಿ ಎಲ್ಲಾ ಹೇಳೀದಿ. ನಿಂದು ಯಾವತ್ತ ಹೇಳೀದಿ ಲೇ? ಹೇಳು, ಕೇಳ್ತೇನಿ."

ಹಡಗಲಿಯ ಗಂಡನ ಮನೆಯಿಂದ ನಾನು ವರ್ಷದೊಳಗೇ ತಿರುಗಿ ಬಂದದ್ದಕ್ಕೆ ಊರಲ್ಲಿ ಬಾಯಿಗೊಂದು ಕಾರಣವಿತ್ತು. ಬಂಜೆಯೆಂದು ಕಳಿಸಿದರು ಎನ್ನುವವರೂ ಇದ್ದರು. ನಾನು ಮಾತ್ರ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಬಿಟ್ಟೆ. ಅವನು ಒದ್ದದ್ದು, ಹೊಟ್ಟೆಯಲ್ಲಿದ್ದ ಕೂಸು ಹೋದದ್ದು, ಮೂರನೆಯ ದಿನ ಒಬ್ಬಳೇ ಬಸ್ಸು ಹತ್ತಿದ್ದು, ಎಲ್ಲ ಹೇಳಿದೆ. ಅಕ್ಕನ ಹೂಂ ಒಂದೂ ತಪ್ಪು ಜಾಗದಲ್ಲಿ ಬೀಳಲಿಲ್ಲ.

ಮುಗಿದ ಮೇಲೆ ಅವಳು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ನನ್ನ ಬಾಯಿಗಿಟ್ಟಳು. "ನಿನ್ನ ಕೂಸು ಹೋದಾಗ ಯಾರೂ ತಂದಿರಂಗಿಲ್ಲ. ಈಗರ ಉಣ್ಣು" ಎಂದಳು. ಅಳುತ್ತಲೇ ಉಂಡೆ.

ಮರುದಿನ ವೈರು ಮತ್ತೆ ಬಲಗಿವಿಗೆ ಏರಿತು. ನನ್ನ ಹೊಟ್ಟೆಕಿಚ್ಚೂ ಆರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಅಕ್ಕ ತೀರಿಕೊಂಡಳು. ಆ ನಟಿಯ ಕಥೆ ಕೇಳುವವರು ಸಾವಿರಾರು ಮಂದಿ. ಅವರಲ್ಲಿ ಒಬ್ಬಳು ಕಡಿಮೆಯಾದದ್ದು ಅವಳಿಗೆ ಗೊತ್ತೂ ಆಗಿರಲಿಕ್ಕಿಲ್ಲ. ನನಗಿದ್ದವಳು ಒಬ್ಬಳೇ.