ಕ್ಯಾಸೆಟ್ಟಿನ ಕೊನೆಯ ಅರ್ಧ ನಿಮಿಷ

ನಿಮ್ಮ ಮನೆಯಲ್ಲಿ ಇನ್ನೂ ಟೇಪ್ ರೆಕಾರ್ಡರ್ ಇದೆಯೇ? ನಮ್ಮಲ್ಲಿದೆ. (ಮೂರು ಸಲ ಗುಜರಿಗೆ ಹೊರಟು ವಾಪಸು ಬಂದಿದೆ.) ಕಳೆದ ಭಾನುವಾರ ಅದನ್ನೇ ನಂಬಿಕೊಂಡು ಚಂದ್ರಪ್ಪ ಭಂಕೂರಿನಿಂದ ಚಿತ್ತಾಪುರದ ನಮ್ಮ ಮನೆಗೆ ಬಂದ.

ಚಂದ್ರಪ್ಪನ ಹಾಡು ನೀವೂ ಮದುವೆ ಮನೆಯಲ್ಲಿ ಕೇಳಿರುತ್ತೀರಿ. ತಾನೇ ಬರೆದು ತಾನೇ ಹಾಡುವವನು. ಹಗಲು ಕಲ್ಲಿನ ಖಣಿ, ಸಂಜೆ ಹಾಡು. ಅವನ ಮೊದಲ ಆಲ್ಬಂ ಮಾಡಿಸಿದ್ದು ನಾನು. ಆಗಷ್ಟೇ ಕಾಲೇಜು ಮುಗಿಸಿದ ಮಹಾ ಜಾಣ. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಕಂಟ್ರಿ ಪಾಪ್ ಬಗ್ಗೆ ಓದಿದ್ದೆ. ಹಳ್ಳಿ ಹಾಡು, ಜೊತೆಗೆ ಗಿಟಾರು, ಕೀಬೋರ್ಡು. ಅಮೆರಿಕದ ಹಳ್ಳಿಗೆ ಒಪ್ಪುವುದು ಭಂಕೂರಿಗೆ ಯಾಕೆ ಒಪ್ಪಬಾರದು?

ಬಂದವನು ಚಹಾ ಮುಟ್ಟಲಿಲ್ಲ.

"ಸರ್, ಸ್ಟುಡಿಯೋದಾಗ ಮಾಡಿದ್ದಲ್ರಿ. ಅದಕ್ಕಿಂತ ಮೊದಲ ನಮ್ಮ ಮನ್ಯಾಗ ಮಾಡಿದ್ದು. ಅದು ನಿಮ್ಮ ಬಲ್ಲಿ ಅದ ಏನ್ರಿ?"

ಹೌದು, ಸ್ಟುಡಿಯೋಗೆ ಹೋಗುವ ಮೊದಲು ಅವನ ಮನೆಯಲ್ಲೇ ಎಲ್ಲ ಹಾಡು ಒಮ್ಮೆ ರೆಕಾರ್ಡ್ ಮಾಡಿದ್ದೆವು. ಹಾಸುಗಲ್ಲಿನ ಮೇಲೆ ಸಣ್ಣ ಸುತ್ತಿಗೆಯಿಂದ ತಾಳ ಹಾಕಿದ್ದು ಅವನ ಹೆಂಡತಿ ಶಾಂತಮ್ಮ. ಖಣಿಯಲ್ಲಿ ಅವಳ ಕೆಲಸವೇ ಅದು. ಒಂದೊಂದೇ ಕಲ್ಲು ಬಡಿದು ಕಿವಿಗೊಡುತ್ತಿದ್ದಳು. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿರುಕು. ಗಂಡನ ಹಾಡನ್ನೂ ಹಾಗೆಯೇ ಕೇಳುವಳು. ದನಿ ಜಾರಿದ ಕಡೆ ಸುತ್ತಿಗೆ ನಿಲ್ಲಿಸಿ, "ಇಲ್ಲಿ ಬಿರುಕ ಅದ. ಮತ್ತ ಹಾಡ್ರಿ" ಎನ್ನುವಳು.

ಪ್ರತಿ ಹಾಡಿಗೂ ಹೀಗೇ. ನನ್ನ ರೆಕಾರ್ಡಿಂಗ್ ಕೆಡುತ್ತಿತ್ತು. ಕೊನೆಯ ಹಾಡಿಗೆ ಬರುವಷ್ಟರಲ್ಲಿ ಸಿಡುಕಿಬಿಟ್ಟೆ. ಸ್ಟುಡಿಯೋದಲ್ಲಿ ಸುತ್ತಿಗೆಯ ಬದಲು ರಿದಂ ಪ್ಯಾಡ್ ಹಾಕಿಸಿದೆ. ಶಹಾಬಾದ್, ವಾಡಿ, ಸೇಡಂ, ಎಲ್ಲ ಕಡೆ ಆಲ್ಬಂ ಓಡಿತು. ನಾನು ಬೀಗಿದೆ.

ಶಾಂತಮ್ಮ ತೀರಿಕೊಂಡು ಮೂರು ತಿಂಗಳು. ಚಂದ್ರಪ್ಪ ಹುಡುಕಿಕೊಂಡು ಬಂದದ್ದು ಹಾಡನ್ನಲ್ಲ, ಅವಳ ದನಿಯನ್ನು.

"ಫೋನಿನಲ್ಲಿ ಇಲ್ಲವೇ?" ಎಂದೆ. ಈಗ ಯಾರ ಫೋನಿನಲ್ಲಿ ಏನಿಲ್ಲ, ಹೇಳಿ?

"ವಿಡಿಯೋ ಭಾಳ ಅವ್ರಿ. ಎಲ್ಲಾದ್ರಾಗೂ ನಾನೇ ಹಾಡ್ಲಿಕತ್ತೀನಿ. ಫೋನ್ ಹಿಡ್ದಾಕಿ ಅಕಿ. ಒಂದು ಮಾತೂ ಆಡಿಲ್ರಿ." ಚಹಾದ ಲೋಟ ಬದಿಗೆ ಸರಿಸಿ ಹೇಳಿದ: "ರೆಕಾರ್ಡಿಂಗ್ ನಡದಾಗ ಬಾಯಿ ಬಿಚ್ಚಬಾರದು, ಸರ್ ಹೇಳ್ಯಾರ, ಅಂತಿದ್ಳು."

ಅವನು ದೂರಿದ್ದಲ್ಲ, ಇದ್ದದ್ದು ಹೇಳಿದ. ಬೈದಿದ್ದರೇ ಚೆನ್ನಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ವರ್ಷ ಅವಳ ಜೊತೆಗೇ ಇತ್ತು.

ಅಟ್ಟದ ಡಬ್ಬಿಯಲ್ಲಿ ಕ್ಯಾಸೆಟ್ ಸಿಕ್ಕಿತು. ಮೇಲೆ ನನ್ನದೇ ಅಕ್ಷರ: 'ಭಂಕೂರ, ಮನೆ'. ಚಂದ್ರಪ್ಪ ಟೇಪ್ ರೆಕಾರ್ಡರಿನ ಪಕ್ಕದಲ್ಲೇ ನೆಲದ ಮೇಲೆ ಕೂತ. ಬಟನ್ ಒತ್ತಿದೆ. ಕೀಬೋರ್ಡ್ ಬಂತು. ಹಿಂದೆಯೇ ರಿದಂ ಪ್ಯಾಡ್.

ಆಗ ನೆನಪಾಯಿತು. ಸ್ಟುಡಿಯೋ ಹಾಡುಗಳನ್ನು ಈ ಕ್ಯಾಸೆಟ್ಟಿನ ಮೇಲೇ ತುಂಬಿಸಿಕೊಂಡಿದ್ದೆ. ಮನೆಯದು ಕಚ್ಚಾ ಮಾಲು, ಇನ್ನು ಯಾರಿಗೆ ಬೇಕು ಎಂದು. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

ಅವನು ಏಳಲಿಲ್ಲ. ಎರಡೂ ಬದಿ ಕೇಳಿದ. ಕೊನೆಯ ಹಾಡು ಮುಗಿದು, ಅಂದು ನಾನು ರೆಕಾರ್ಡಿಂಗ್ ನಿಲ್ಲಿಸಿದ ಟಕ್ ಸದ್ದು ಬಂತು. ಸ್ಟುಡಿಯೋ ಹಾಡುಗಳು ತುಸು ಗಿಡ್ಡ. ಟೇಪಿನ ತುದಿಯಲ್ಲಿ ಹಳೆಯದು ಅರ್ಧ ನಿಮಿಷ ಉಳಿದಿತ್ತು! ಚಂದ್ರಪ್ಪನ ಹಾಡು, ಕಲ್ಲಿನ ಮೇಲೆ ಸುತ್ತಿಗೆ. ಠಣ್, ಠಣ್. ಸುತ್ತಿಗೆ ನಿಂತಿತು. ಇನ್ನೇನು ಅವಳು ಮಾತಾಡುತ್ತಾಳೆ ಎಂದು ಇಬ್ಬರೂ ಮುಂದೆ ಬಾಗಿದೆವು.

ಬಂದದ್ದು ನನ್ನ ದನಿ. "ಅಕ್ಕಾ, ಜರಾ ಬಾಯಿ ಮುಚ್ಚಿ ಕುಂದ್ರಿ."

ಆಮೇಲೆ ಏನಿಲ್ಲ. ಟೇಪು ಸರಿಯುವ ಸದ್ದು ಅಷ್ಟೇ. ಬಂದ್ ಮಾಡಲು ಕೈ ಚಾಚಿದೆ. ಚಂದ್ರಪ್ಪ ತಡೆದ.

"ಇರ್ಲಿ ಬಿಡ್ರಿ. ಅಕಿ ಅಲ್ಲೇ ಕುಂತಾಳ."

ಆ ಅರ್ಧ ನಿಮಿಷವನ್ನು ಅವನ ಫೋನಿಗೆ ಹಾಕಿಕೊಟ್ಟೆ. ನನ್ನ ಮಾತಷ್ಟನ್ನು ಕತ್ತರಿಸಿ ಕೊಡುತ್ತೇನೆ, ಸುತ್ತಿಗೆ ಮಾತ್ರ ಇರಲಿ ಎಂದೆ. (ಕತ್ತರಿಸುವುದರಲ್ಲಿ ನಾನು ಮೊದಲಿನಿಂದಲೂ ನಿಪುಣ.)

"ಬ್ಯಾಡ್ರಿ ಸರ್," ಎಂದ, ಮೆಲ್ಲಗೆ. "ಅದು ತೆಗದ್ರ ಅಕಿ ಯಾಕ ಸುಮ್ಮಾದ್ಳು ಅಂತ ತಿಳಿಯಂಗಿಲ್ಲ."

ನಿಮ್ಮ ಮನೆಯಲ್ಲಿ ಸುಮ್ಮನೆ ಕೂತವರಿಗೆ ಹಾಗೆ ಕೂರಲು ಹೇಳಿದ್ದು ಯಾರು?